ಹೆಜ್ಜೆ ನಾಲ್ಕು, ಎಣಿಕೆ ಆರು: ಕಂಟ್ರಿ ಡಾನ್ಸ್ ಪ್ರಶ್ನೋತ್ತರ

ಕಂಟ್ರಿ ಡಾನ್ಸ್ ಕಲಿಯುವ ಆಸೆ ಹೇಳಿಕೊಂಡು ಬಂದ ಪತ್ರಗಳಲ್ಲಿ ಹೆಚ್ಚಿನವು ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗರವು. ಊರು, ವಯಸ್ಸು ಬೇರೆ ಬೇರೆಯಾದರೂ ಅಳುಕು ಒಂದೇ: ‘ನನಗೆ ಬರುವುದಿಲ್ಲ, ಎಲ್ಲರೂ ನೋಡುತ್ತಾರೆ.’ ಕುಣಿತ ಎಂದರೆ ಮೇಲೆ ಕಲಾವಿದರು, ಕೆಳಗೆ ಪ್ರೇಕ್ಷಕರು ಎಂದು ತಿಳಿದು ಬೆಳೆದವರು ನಾವು. ಟೆಕ್ಸಾಸ್‌ನ ಡಾನ್ಸ್ ಹಾಲ್‌ನಲ್ಲಿ ವೇದಿಕೆ ಇರುವುದು ವಾದ್ಯದವರಿಗೆ. ಬಂದ ಜನ ಕುಣಿಯುವುದಕ್ಕೇ ಬಂದಿರುತ್ತಾರೆ. ಅವರ ಗಮನವೆಲ್ಲ ಜೊತೆಗಾರರ ಮೇಲೆ, ಹಾಡಿನ ಮೇಲೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಉತ್ತರಗಳನ್ನು ಓದಿ.

ಪ್ರಶ್ನೆ: ನಮಸ್ಕಾರ ಮೇಡಂ. ಸಾಫ್ಟ್‌ವೇರ್ ಕೆಲಸ, ವಯಸ್ಸು ಮೂವತ್ತನಾಲ್ಕು. ಟೀಮಿನವರು ಶುಕ್ರವಾರ ಸಂಜೆ ‘ಬ್ರೋಕನ್ ಸ್ಪೋಕ್’ಗೆ ಬಾ ಎಂದು ಕರೆಯುತ್ತಲೇ ಇದ್ದಾರೆ. ಗೆಳೆಯರ ಮದುವೆಯಲ್ಲಿ, ಗಣಪತಿ ಬಿಡುವಾಗ ಕೈಕಾಲು ಆಡಿಸಿದ್ದು ಬಿಟ್ಟರೆ ನಾನು ಕುಣಿದವನಲ್ಲ. ಯಾವುದರಿಂದ ಶುರು ಮಾಡಲಿ? ಮನೆಯಲ್ಲಿ ಕಲಿತುಕೊಂಡ ಮೇಲೆ ಹೋಗುವುದು ಒಳ್ಳೆಯದಲ್ಲವೇ?
— ಓದುಗ, ಆಸ್ಟಿನ್

ಉತ್ತರ: ಕಲಿತ ಮೇಲೆ ಹೋಗುತ್ತೇನೆ ಎಂದು ಕಾಯಬೇಡಿ, ಕಲಿಯುವುದಕ್ಕೇ ಹೋಗಿ. ಜೇಮ್ಸ್ ವೈಟ್ 1964ರಲ್ಲಿ ಸೌತ್ ಲಮಾರ್ ರಸ್ತೆಯಲ್ಲಿ ತೆರೆದ ಆ ಹಾಲ್, ಹೊಸಬರಿಗೆ ಟೂ-ಸ್ಟೆಪ್ ಕಲಿಸುವುದಕ್ಕೇ ಹೆಸರಾದದ್ದು. ಬ್ಯಾಂಡ್ ಶುರುವಾಗುವ ಮುಂಚೆ ಪಾಠ ಇಟ್ಟುಕೊಳ್ಳುವ ಪದ್ಧತಿ ಅಮೆರಿಕದ ಬಹಳಷ್ಟು ಕಂಟ್ರಿ ಹಾಲ್‌ಗಳಲ್ಲಿದೆ. ಆ ಹೊತ್ತಿಗೆ ಬರುವವರೆಲ್ಲ ನಿಮ್ಮ ಹಾಗೆ ಹೊಸಬರೇ.

ಶುರು ಟೂ-ಸ್ಟೆಪ್‌ನಿಂದಲೇ ಆಗಲಿ. ಇದು ಹಾಡಿಗೆ ತಕ್ಕಂತೆ ಇಬ್ಬರು ಕೂಡಿ ನಡೆಯುವ ನಡಿಗೆ. ನಾಲ್ಕು ಹೆಜ್ಜೆ, ಆರು ಎಣಿಕೆ. ‘ಕ್ವಿಕ್, ಕ್ವಿಕ್’ ಎಂಬ ಎರಡು ಹೆಜ್ಜೆಗೆ ಒಂದೊಂದು ಎಣಿಕೆ, ‘ಸ್ಲೋ, ಸ್ಲೋ’ ಎಂಬ ಎರಡಕ್ಕೆ ಎರಡೆರಡು ಎಣಿಕೆ. ನಡೆಸುವವರು ಎಡಗಾಲಿನಿಂದ ಮುಂದಕ್ಕೆ ಹೊರಡುತ್ತಾರೆ, ಅನುಸರಿಸುವವರು ಬಲಗಾಲಿನಿಂದ ಹಿಂದಕ್ಕೆ. ಕೆಲವು ಗುರುಗಳು ‘ಸ್ಲೋ, ಸ್ಲೋ’ದಿಂದ ಎಣಿಸುತ್ತಾರೆ, ಸುತ್ತು ಅದೇ, ಹಿಡಿಯುವ ತುದಿ ಬೇರೆ.

ನಡೆಸುವವರ ಬಲಗೈ ಜೊತೆಗಾರರ ಎಡ ಹೆಗಲಿನ ಹಿಂದಿನ ಮೂಳೆಯ ಮೇಲಿರಬೇಕು. ಅನುಸರಿಸುವವರ ಎಡಗೈ ಅವರ ಬಲ ತೋಳಿನ ಮೇಲೆ. ಉಳಿದೆರಡು ಕೈ ಒಂದನ್ನೊಂದು ಹಗುರವಾಗಿ ಹಿಡಿದಿರಲಿ. ಈ ಚೌಕಟ್ಟು ಸಡಿಲವಾದರೆ ನೀವು ಎತ್ತ ಹೊರಟಿರಿ ಎಂಬುದು ಎದುರಿನವರಿಗೆ ತಿಳಿಯುವುದಿಲ್ಲ, ಬಿಗಿಯಾದರೆ ತೋಳು ನೋಯುತ್ತದೆ. ಮಂಡಿ ಸಡಿಲ ಬಿಡಿ, ಪಾದವನ್ನು ನೆಲಕ್ಕೆ ಸವರಿಕೊಂಡೇ ಸಾಗಿಸಿ, ಕುಪ್ಪಳಿಸಬೇಡಿ. ಕಣ್ಣು ಪಾದದ ಮೇಲೆ ಬೇಡ. ತಲೆ ಬಗ್ಗಿಸಿದರೆ ಬೆನ್ನು ಬಾಗುತ್ತದೆ, ಚೌಕಟ್ಟು ಕುಸಿಯುತ್ತದೆ.

ಮನೆಯಲ್ಲಿ ಅಭ್ಯಾಸ ಬೇಕೆಂದರೆ ಜಾರ್ಜ್ ಸ್ಟ್ರೇಟ್ ಹಾಡು ಹಾಕಿಕೊಂಡು ಹಾಲಿನ ಈ ತುದಿಯಿಂದ ಆ ತುದಿಗೆ ನಡೆಯಿರಿ. ಮಾತಾಡುತ್ತಲೇ ನಡೆದರೂ ಎಣಿಕೆ ತಪ್ಪದ ಮಟ್ಟಕ್ಕೆ ಬಂದ ಮೇಲೆ ತಿರುವು ಕಲಿಯಿರಿ. ಆಮೇಲೆ ವಾಲ್ಟ್ಸ್, ಅದಾದ ಮೇಲೆ ಸ್ವಿಂಗ್. ಈ ಮೂರರ ಆಸರೆಯಲ್ಲಿ ಇಡೀ ರಾತ್ರಿ ಕುಣಿಯಬಹುದು.

ಪ್ರಶ್ನೆ: ಚಿಕ್ಕಂದಿನಿಂದ ಭರತನಾಟ್ಯ ಕಲಿತವಳು ನಾನು. ತಾಳ ಕಷ್ಟವಾಗಲಾರದು ಅಂದುಕೊಂಡು ಟೂ-ಸ್ಟೆಪ್ ತರಗತಿಗೆ ಸೇರಿದೆ. ಹಾಡು ನಾಲ್ಕರಲ್ಲಿ ಹೋಗುತ್ತದೆ, ಹೆಜ್ಜೆ ಆರರಲ್ಲಿ. ಸಮ ಎಲ್ಲಿ ಅಂತ ಹುಡುಕುವುದರಲ್ಲೇ ಹಾಡು ಮುಗಿಯುತ್ತದೆ. ಅಲ್ಲದೆ ನನ್ನ ಪಾದ ತಾನಾಗಿ ನೆಲಕ್ಕೆ ತಟ್ಟುತ್ತದೆ. ಏನು ಮಾಡಲಿ?
— ಓದುಗಳು, ಹ್ಯೂಸ್ಟನ್

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ನಾಲ್ಕರ ಆವರ್ತದ ಮೇಲೆ ಆರರ ಹೆಜ್ಜೆ ಕೂರುವುದೇ ಟೂ-ಸ್ಟೆಪ್‌ನ ಸೊಗಸು. ಎರಡೂ ಮತ್ತೆ ಒಟ್ಟಿಗೆ ಸಮಕ್ಕೆ ಬರುವುದು ಹನ್ನೆರಡನೆಯ ಎಣಿಕೆ ಮುಗಿದ ಮೇಲೆ, ಅಂದರೆ ಹಾಡಿನ ಮೂರು ಆವರ್ತಕ್ಕೆ, ಹೆಜ್ಜೆಯ ಎರಡು ಸುತ್ತಿಗೆ. ಕೈಯಲ್ಲಿ ಆದಿತಾಳ ಹಾಕಿಕೊಂಡರೆ ಮೂರು ಆವರ್ತಕ್ಕೆ ನಾಲ್ಕು ಸುತ್ತು ಹೆಜ್ಜೆ ಸರಿಯಾಗಿ ಕೂಡುತ್ತದೆ.

ಆದರೆ ಕುಣಿಯುವಾಗ ಆ ದೂರದ ಸಮಕ್ಕೆ ಕಾಯಬೇಕಿಲ್ಲ. ಬಾಸ್ ಗಿಟಾರ್ ಕೇಳಿಸಿಕೊಳ್ಳಿ. ಟೂ-ಸ್ಟೆಪ್ ಹಾಡುಗಳಲ್ಲಿ ಅದರ ಪೆಟ್ಟು ಒಂದು ಮತ್ತು ಮೂರನೆಯ ಎಣಿಕೆಗೆ ಬೀಳುತ್ತದೆ. ಎರಡು ಮತ್ತು ನಾಲ್ಕಕ್ಕೆ ಡ್ರಮ್ಮಿನ ಚುರುಕು ಪೆಟ್ಟು. ಬಾಸ್ ಪೆಟ್ಟಿನ ಮೇಲೆ ಮೊದಲ ಕ್ವಿಕ್ ಇಟ್ಟರೆ ಎರಡನೆಯ ಕ್ವಿಕ್ ಡ್ರಮ್ಮಿಗೆ ಬೀಳುತ್ತದೆ, ಎರಡು ಸ್ಲೋ ಹೆಜ್ಜೆಗಳೂ ಬಾಸ್ ಮೇಲೆಯೇ ಬೀಳುತ್ತವೆ. ಮುಂದಿನ ಸುತ್ತು ಶುರುವಾಗುವುದೂ ಬಾಸ್ ಮೇಲೆಯೇ. ಹೀಗೆ ನಾಲ್ಕರಲ್ಲಿ ಮೂರು ಹೆಜ್ಜೆಗೆ ಬಾಸ್ ಆಸರೆ ಸಿಕ್ಕುತ್ತದೆ. ತಪ್ಪಿದಾಗ ಸುಮ್ಮನೆ ನಡೆಯುತ್ತಲೇ ಬಾಸ್ ಕೇಳಿ, ಮತ್ತೆ ಎಣಿಕೆ ಹಿಡಿಯಿರಿ. ವಾಲ್ಟ್ಸ್ ನಿಮಗೆ ಇದಕ್ಕಿಂತ ಸಲೀಸು. ಅದು ‘ತಕಿಟ’ದ ನಡೆ, ಎಣಿಕೆಗೊಂದು ಹೆಜ್ಜೆ. ಮೂರು ಹೆಜ್ಜೆಗೊಮ್ಮೆ ಹೊರಡುವ ಕಾಲು ಬದಲಾಗುತ್ತದೆ ಎಂಬುದನ್ನಷ್ಟೇ ನೆನಪಿಡಿ.

ಪಾದ ತಟ್ಟುವುದಕ್ಕೆ ಮದ್ದು ಎಂದರೆ ನಿಧಾನ ನಡಿಗೆಯ ಅಭ್ಯಾಸ. ಹಿಂದಕ್ಕೆ ಹೆಜ್ಜೆ ಇಡುವಾಗ ಕಾಲನ್ನು ಸೊಂಟದಿಂದಲೇ ಹಿಂದಕ್ಕೆ ಚಾಚಿ, ಮೊದಲು ಬೆರಳು ಊರಿ, ಆಮೇಲೆ ಮೈಭಾರ ದಾಟಿಸಿ, ಕಡೆಗೆ ಹಿಮ್ಮಡಿ ಇಳಿಸಿ. ನಿಮಗೆ ನಿಜವಾಗಿ ಹೊಸದಾಗುವುದು ಇನ್ನೊಂದು. ಜತಿಯಲ್ಲಿ ಮುಂದೇನು ಎಂದು ನಿಮಗೆ ಗೊತ್ತಿರುತ್ತದೆ. ಇಲ್ಲಿ ಮುಂದಿನ ತಿರುವು ಯಾವುದೆಂದು ನಡೆಸುವವರಿಗೇ ಆ ಗಳಿಗೆಯಲ್ಲಿ ಹೊಳೆಯುತ್ತದೆ. ಊಹಿಸಿ ಮೊದಲೇ ಹೆಜ್ಜೆ ಹಾಕುವ ಆತುರ ಬಿಟ್ಟು ಕೈಯ ಸೂಚನೆಗೆ ಕಾಯುವುದೇ ಅನುಸರಿಸುವವರ ವಿದ್ಯೆ. ಅದು ದಾಕ್ಷಿಣ್ಯದ ಕೆಲಸವಲ್ಲ, ಪೂರ್ತಿ ಎಚ್ಚರದ ಕೆಲಸ.

ಪ್ರಶ್ನೆ: ನಾನು, ನನ್ನ ಹೆಂಡತಿ ಆರು ವಾರದ ತರಗತಿ ಮುಗಿಸಿ ಒಂದು ಹಾಲ್‌ಗೆ ಹೋದೆವು. ತಿರುವಿನ ಮಧ್ಯೆ ಎಣಿಕೆ ತಪ್ಪಿ ನಿಂತಾಗ ಹಿಂದಿನಿಂದ ಬಂದ ಜೋಡಿ ಡಿಕ್ಕಿ ಹೊಡೆಯಿತು, ಒಬ್ಬರು ರೇಗಿದರು. ಆಕೆ ಮತ್ತೆ ಬರುವುದಿಲ್ಲ ಅನ್ನುತ್ತಿದ್ದಾಳೆ. ನೆಲದ ಮೇಲೆ ಏನಾದರೂ ನಿಯಮ ಇದೆಯೇ?
— ಓದುಗ, ಫೋರ್ಟ್ ವರ್ತ್

ಉತ್ತರ: ಇದೆ. ತರಗತಿಗಳು ಅದನ್ನು ಹೆಜ್ಜೆಯಷ್ಟೇ ಮುತುವರ್ಜಿಯಿಂದ ಕಲಿಸಬೇಕು ಎಂಬುದು ನನ್ನ ದೃಢ ನಂಬಿಕೆ.

ಟೂ-ಸ್ಟೆಪ್, ವಾಲ್ಟ್ಸ್, ಪೋಲ್ಕಾ ಇವು ಮೂರೂ ನೆಲವನ್ನು ಸುತ್ತುವ ಕುಣಿತಗಳು. ಎಲ್ಲರೂ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತಾರೆ. ಹೊರಸುತ್ತು ವೇಗದವರಿಗೆ, ಒಳಸುತ್ತು ನಿಧಾನದವರಿಗೆ. ನಡುವಿನ ಜಾಗ ನಿಂತಲ್ಲೇ ಕುಣಿಯುವ ಸ್ವಿಂಗ್‌ನವರಿಗೆ, ಲೈನ್ ಡಾನ್ಸ್‌ನವರಿಗೆ. ಹೊಸಬರು ಅಂಚಿನಲ್ಲಿ ಸುರಕ್ಷಿತ ಎಂದುಕೊಂಡು ಹೊರಸುತ್ತನ್ನೇ ಹಿಡಿಯುತ್ತಾರೆ. ಅಲ್ಲಿಯೇ ವೇಗ ಹೆಚ್ಚು. ನೀವು ಒಳಸುತ್ತಿನಲ್ಲಿರಿ. ಎಣಿಕೆ ತಪ್ಪಿದರೆ ನಿಲ್ಲಬೇಡಿ, ಎಣಿಕೆ ಬಿಟ್ಟು ಸುಮ್ಮನೆ ಮುಂದಕ್ಕೆ ನಡೆಯುತ್ತಿರಿ. ನಿಲ್ಲಲೇಬೇಕಾದರೆ ನಡುವಿಗೆ ಸರಿಯಿರಿ.

ನಡೆಸುವವರು ಮುಂದಕ್ಕೆ ನೋಡುತ್ತಾ ಸಾಗುತ್ತಾರೆ, ಅನುಸರಿಸುವವರು ಹಿಂದುಹಿಂದಕ್ಕೆ. ಆದ್ದರಿಂದ ದಾರಿ ನೋಡುವ ಹೊಣೆ ನಿಮ್ಮದು. ಮುಂದೆ ಜಾಗವಿಲ್ಲದಿದ್ದರೆ ತಿರುವು ಕೊಡಬೇಡಿ, ಹೆಜ್ಜೆ ಚಿಕ್ಕದು ಮಾಡಿ. ನಿಮ್ಮಾಕೆಗೂ ಒಂದು ಕೆಲಸವಿದೆ: ನಿಮ್ಮ ಬೆನ್ನ ಹಿಂದೆ ಯಾರಾದರೂ ತೀರ ಹತ್ತಿರ ಬಂದರೆ ತೋಳನ್ನು ಮೆಲ್ಲಗೆ ಒತ್ತಿ ತಿಳಿಸುವುದು. ನೆಲಕ್ಕೆ ಇಳಿಯುವಾಗ ಸಂದು ನೋಡಿ ಸೇರಿಕೊಳ್ಳಿ. ನಡುವೆ ಅಡ್ಡಹಾಯಬೇಡಿ, ಕೈಯಲ್ಲಿ ಗ್ಲಾಸು ಹಿಡಿದು ಇಳಿಯಬೇಡಿ. ಡಿಕ್ಕಿಯಾದರೆ ತಪ್ಪು ಯಾರದಾದರೂ ಎರಡೂ ಕಡೆಯವರು ‘ಸಾರಿ’ ಹೇಳುವುದು ಅಲ್ಲಿನ ವಾಡಿಕೆ. ರೇಗಿದವರು ಆ ವಾಡಿಕೆ ಮುರಿದರು. ಜನ ಕಡಿಮೆ ಇರುವ ವಾರದ ನಡುವಿನ ಸಂಜೆ ಹೋಗೋಣ ಎಂದು ಮನೆಯಾಕೆಗೆ ಹೇಳಿ, ಅಂದು ನೀವು ತಿರುವುಗಳನ್ನು ಪೂರ್ತಿ ಬಿಟ್ಟು ಬರೀ ಮೂಲ ಹೆಜ್ಜೆ ಕುಣಿಯಿರಿ. ಹಿಂದಕ್ಕೆ ನಡೆಯುವವರಿಗೆ ಮುಂದಿರುವವರ ಮೇಲೆ ನಂಬಿಕೆ ಬರಬೇಕು. ಅದು ಬಂದರೆ ಆಕೆಯೇ ನಿಮ್ಮನ್ನು ಹೊರಡಿಸುತ್ತಾರೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಕುಣಿತದಲ್ಲಿ ಆಸಕ್ತಿ ಇಲ್ಲ, ನಾನು ಹೋಗುವುದಕ್ಕೆ ಅಡ್ಡಿಯೂ ಇಲ್ಲ. ಪರಿಚಯವಿಲ್ಲದವರು ಬಂದು ಕರೆದರೆ ಏನು ಮಾಡಬೇಕು? ಬೇಡ ಅಂದರೆ ಒರಟಾಗುತ್ತದೆಯೇ? ನಾನೇ ಯಾರನ್ನಾದರೂ ಕರೆಯಬಹುದೇ?
— ಓದುಗಳು, ಸ್ಯಾನ್ ಆಂಟೋನಿಯೊ

ಉತ್ತರ: ಅಲ್ಲಿ ಒಬ್ಬರು ಇನ್ನೊಬ್ಬರನ್ನು ಕರೆಯುವುದು ಒಂದು ಹಾಡಿಗೆ. ಹಾಡು ಮುಗಿದೊಡನೆ ಥ್ಯಾಂಕ್ಸ್ ಹೇಳಿ, ನಿಮ್ಮನ್ನು ನೀವು ಕುಳಿತಿದ್ದ ಜಾಗದವರೆಗೆ ಬಿಟ್ಟುಹೋಗುವುದು ಹಳೆಯ ಕಾಲದಿಂದ ಬಂದ ಮರ್ಯಾದೆ. ಅದರಾಚೆಗೆ ಇನ್ನೇನೋ ಅರ್ಥ ಕಟ್ಟಬೇಕಿಲ್ಲ. ಹೆಂಗಸರು ಕರೆಯುವುದು ಇಂದು ಪೂರ್ತಿ ಸಹಜ. ಇಬ್ಬರು ಹೆಂಗಸರು, ಇಬ್ಬರು ಗಂಡಸರು ಕೂಡಿ ಕುಣಿಯುವುದೂ ಇದೆ. ಹೆಂಗಸರೇ ನಡೆಸುವುದನ್ನು ಕಲಿತರೆ ಜೊತೆಗೆ ಬಂದ ಗೆಳತಿಯ ಸಂಗಡವೇ ಸಂಜೆ ಕಳೆಯಬಹುದು.

ಬೇಡ ಅನ್ನುವುದಕ್ಕೆ ‘ನೋ, ಥ್ಯಾಂಕ್ಯೂ’ ಸಾಕು, ಕಾರಣ ಹೇಳಬೇಕಾಗಿಲ್ಲ. ಸಂಕೋಚಕ್ಕೆ ಒಪ್ಪಿಕೊಳ್ಳಬೇಡಿ. ಕರೆದವರು ಮುಗುಳ್ನಕ್ಕು ಮುಂದೆ ಹೋಗಬೇಕು, ಒತ್ತಾಯಿಸುವವರೇ ಒರಟರು. ಕುಣಿಯುವಾಗ ಕೈ ಹೆಗಲಿನ ಮೂಳೆಯಿಂದ ಕೆಳಗೆ ಜಾರಿದರೆ, ಬೇಕೆಂದೇ ಹತ್ತಿರಕ್ಕೆ ಎಳೆದರೆ ನಿಮ್ಮ ಎಡಗೈಯನ್ನು ಅವರ ತೋಳಿಗೆ ಗಟ್ಟಿಯಾಗಿ ಕೊಟ್ಟು ಅಂತರ ಮಾಡಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಹಾಡಿನ ಮಧ್ಯದಲ್ಲೇ ಬಿಟ್ಟು ಹೊರಡಿ, ಹಾಲ್‌ನ ಸಿಬ್ಬಂದಿಗೆ ಹೇಳಿ. ಹಾಗೆಯೇ, ಕೇಳದೆ ಪಾಠ ಹೇಳುವವರು ಸಿಗುತ್ತಾರೆ. ‘ಈ ಹಾಡು ಸುಮ್ಮನೆ ಕುಣಿಯೋಣ’ ಎಂದುಬಿಡಿ. ನೆಲದ ಮೇಲೆ ತಿದ್ದುವುದು ಶಿಷ್ಟಾಚಾರವಲ್ಲ. ಹಲವು ಜನರೊಡನೆ ಕುಣಿದವರು ಬೇಗ ಕಲಿಯುತ್ತಾರೆ, ಏಕೆಂದರೆ ಪ್ರತಿಯೊಬ್ಬರ ಕೈಯ ಭಾಷೆ ಬೇರೆ. ಅದಕ್ಕಾಗಿಯೇ ಒಳ್ಳೆಯ ತರಗತಿಗಳಲ್ಲಿ ಜೋಡಿ ಬದಲಿಸುತ್ತಲೇ ಇರುತ್ತಾರೆ.

ಪ್ರಶ್ನೆ: ಮೇಡಂ, ನಾನು ಎಂ.ಎಸ್. ವಿದ್ಯಾರ್ಥಿ. ಇಲ್ಲಿ ಎಲ್ಲರ ಕಾಲಲ್ಲೂ ಬೂಟು. ಹೊಸದಕ್ಕೆ ಮುನ್ನೂರು ಡಾಲರ್ ಕೊಡುವ ಸ್ಥಿತಿ ನನ್ನದಲ್ಲ. ಬೂಟಿಲ್ಲದೆ ಹೋಗಬಹುದೇ?
— ಓದುಗ, ಕಾಲೇಜ್ ಸ್ಟೇಷನ್

ಉತ್ತರ: ಧಾರಾಳವಾಗಿ. ಮುಖ್ಯವಾದದ್ದು ಬೂಟಲ್ಲ, ಅಟ್ಟೆ. ಮರದ ನೆಲದ ಮೇಲೆ ಚರ್ಮದ ಅಟ್ಟೆ ಜಾರುತ್ತದೆ, ರಬ್ಬರ್ ಅಟ್ಟೆ ಕಚ್ಚಿಕೊಳ್ಳುತ್ತದೆ. ಓಡುವ ಶೂ ಹಾಕಿಕೊಂಡು ತಿರುಗಿದರೆ ಪಾದ ನಿಂತಲ್ಲೇ ನಿಂತು ತಿರುಚು ಮಂಡಿಗೆ ಬೀಳುತ್ತದೆ. ಅದರಿಂದ ನೋವಾಗಬಹುದು. ಇಂಟರ್‌ವ್ಯೂಗೆ ಕೊಂಡ ಚರ್ಮದ ಅಟ್ಟೆಯ ಫಾರ್ಮಲ್ ಶೂ ಇದ್ದರೆ ಈ ಸೆಮಿಸ್ಟರ್‌ಗೆ ಅದೇ ಸಾಕು. ಮುಂದೆ ಬೂಟು ಬೇಕೆನಿಸಿದರೆ ಸೆಕೆಂಡ್ ಹ್ಯಾಂಡ್ ಅಂಗಡಿ ನೋಡಿ. ಯಾರೋ ಪಳಗಿಸಿದ ಚರ್ಮ ಮೃದುವಾಗಿರುತ್ತದೆ. ಕೊಳ್ಳುವಾಗ ಪಾದದ ಮೇಲ್ಭಾಗ ಬಿಗಿಯಾಗಿ ಕೂರಬೇಕು, ಬೆರಳಿಗೆ ಒತ್ತಡ ಇರಬಾರದು, ಹಿಮ್ಮಡಿ ಚೂರು ಮೇಲೇಳಬಹುದು. ಟೋಪಿ, ದೊಡ್ಡ ಬಕಲ್ಲಿನ ಬೆಲ್ಟು ಅವರವರ ಇಷ್ಟ. ಜೀನ್ಸ್, ಒಗೆದ ಅಂಗಿ ಇದ್ದರಾಯಿತು. ಅಂದಹಾಗೆ, ನಿಮ್ಮ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲೇ ‘ಆಗಿ ರಾಂಗ್ಲರ್ಸ್’ ಎಂಬ ವಿದ್ಯಾರ್ಥಿಗಳ ಕಂಟ್ರಿ ಡಾನ್ಸ್ ತಂಡವಿದೆ, ಅವರು ಹೊಸಬರಿಗೆ ತರಗತಿಗಳನ್ನೂ ನಡೆಸುತ್ತಾರೆ. ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ಮೈಸೂರಿನಿಂದ ಮಗನ ಮನೆಗೆ ಬಂದಿದ್ದೇನಮ್ಮ, ಆರು ತಿಂಗಳು ಇರುತ್ತೇನೆ. ವಯಸ್ಸು ಅರವತ್ತಮೂರು. ಇಲ್ಲಿಯ ಹಿರಿಯರ ಕೇಂದ್ರದಲ್ಲಿ ಬೆಳಿಗ್ಗೆ ಲೈನ್ ಡಾನ್ಸ್ ಹೇಳಿಕೊಡುತ್ತಾರೆ. ನನಗೂ ಆಸೆ. ಶಾಲೆಯಲ್ಲಿದ್ದಾಗ ಕೋಲಾಟ ಆಡಿದ್ದು ಬಿಟ್ಟರೆ ಏನೂ ಗೊತ್ತಿಲ್ಲ. ಮಂಡಿ ಆಗಾಗ ನೋಯುತ್ತದೆ. ಸೊಸೆ ಹೋಗಿ ಅಂತಾಳೆ, ನನಗೇ ಹಿಂಜರಿಕೆ.
— ಓದುಗಳು, ಪ್ಲೇನೊ

ಉತ್ತರ: ಅಮ್ಮಾ, ನಿಮ್ಮ ಸೊಸೆ ಹೇಳಿದ್ದು ಸರಿ. ಕೋಲಾಟದಲ್ಲಿ ಎಣಿಕೆಗೆ ಸರಿಯಾಗಿ ಜಾಗ ಬದಲಿಸಿದ ಕಾಲು ಇದನ್ನೂ ಹಿಡಿಯುತ್ತದೆ. ಇಲ್ಲಿ ಜೊತೆಗಾರರೂ ಬೇಡ. ಎಲ್ಲರೂ ಸಾಲಾಗಿ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಬಹಳಷ್ಟು ಲೈನ್ ಡಾನ್ಸ್‌ಗಳು 32 ಎಣಿಕೆಯವು, ಅಂದರೆ ಆದಿತಾಳದ ನಾಲ್ಕು ಆವರ್ತ. ಅಷ್ಟು ಮುಗಿದ ಮೇಲೆ ಎಷ್ಟೋ ಕುಣಿತಗಳಲ್ಲಿ ಕಾಲು ಸುತ್ತು ತಿರುಗಿ, ಇನ್ನೊಂದು ಗೋಡೆಗೆ ಮುಖ ಮಾಡಿ ಅದನ್ನೇ ಮತ್ತೆ ಮಾಡುತ್ತಾರೆ. ಮೊದಲು ಕಲಿಯುವ ಹೆಜ್ಜೆಗೆ ಗ್ರೇಪ್‌ವೈನ್ ಎನ್ನುತ್ತಾರೆ: ಬಲಗಾಲು ಪಕ್ಕಕ್ಕೆ, ಎಡಗಾಲು ಅದರ ಹಿಂದಕ್ಕೆ, ಬಲಗಾಲು ಮತ್ತೆ ಪಕ್ಕಕ್ಕೆ, ಎಡಗಾಲು ಬಂದು ಮುಟ್ಟುವುದು. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಇದಿಷ್ಟನ್ನು ಎಡಕ್ಕೂ ಬಲಕ್ಕೂ ಅಭ್ಯಾಸ ಮಾಡಿಕೊಂಡು ಹೋಗಿ.

ಹೊಸಬರು ಕೊನೆಯ ಸಾಲಿನಲ್ಲಿ ಅಡಗುತ್ತಾರೆ. ಎಲ್ಲರೂ ಹಿಂದಿನ ಗೋಡೆಗೆ ತಿರುಗಿದಾಗ ಆ ಕೊನೆಯ ಸಾಲೇ ಮೊದಲ ಸಾಲಾಗಿ, ನೋಡಿಕೊಂಡು ಕುಣಿಯಲು ಎದುರಿಗೆ ಯಾರೂ ಇರುವುದಿಲ್ಲ. ಆದ್ದರಿಂದ ಗುಂಪಿನ ನಡುಮಧ್ಯೆ ನಿಲ್ಲಿ. ತಪ್ಪಿದರೆ ನಿಂತು, ಮುಂದಿನ ಸುತ್ತಿಗೆ ಸೇರಿಕೊಳ್ಳಿ. ಮಂಡಿಯ ವಿಷಯ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ. ತಿರುಗುವಾಗ ಪಾದ ಊರಿಟ್ಟು ತಿರುಚಬೇಡಿ, ಪುಟ್ಟ ಹೆಜ್ಜೆಗಳಲ್ಲಿ ತಿರುಗಿ. ಜಿಗಿತ ಬಂದಾಗ ನಡೆದರೆ ಸಾಕು. ಸೀರೆಗಿಂತ ಚೂಡಿದಾರ ಅನುಕೂಲ, ಚಪ್ಪಲಿಗಿಂತ ಹಿಮ್ಮಡಿ ಹಿಡಿದಿಡುವ ಶೂ ಅನುಕೂಲ.

ಪ್ರಶ್ನೆ: ಬೆಂಗಳೂರಿನಲ್ಲಿ ಕೂತು ಇದನ್ನು ಕಲಿಯಲು ಸಾಧ್ಯವೇ? ಯಾವ ಹಾಡುಗಳನ್ನು ಕೇಳಬೇಕು?
— ಓದುಗಳು, ಜಯನಗರ

ಉತ್ತರ: ಲೈನ್ ಡಾನ್ಸನ್ನು ವಿಡಿಯೊ ನೋಡಿಯೇ ಕಲಿಯಬಹುದು. ಬ್ರೂಕ್ಸ್ ಅಂಡ್ ಡನ್ ಅವರ ‘ಬೂಟ್ ಸ್ಕೂಟಿನ್ ಬೂಗಿ’, ಅಲನ್ ಜಾಕ್ಸನ್ ಅವರ ‘ಗುಡ್ ಟೈಮ್’ ಈ ಎರಡು ಹಾಡಿಗೂ ಹೆಸರಾಂತ ಲೈನ್ ಡಾನ್ಸ್‌ಗಳಿವೆ. ವಾಲ್ಟ್ಸ್ ಎಣಿಕೆ ಕಿವಿಗೆ ಕೂರಲು ಅರ್ನೆಸ್ಟ್ ಟಬ್ ಹಾಡಿದ ‘ವಾಲ್ಟ್ಸ್ ಅಕ್ರಾಸ್ ಟೆಕ್ಸಾಸ್’ ಕೇಳಿ. ಕಂಟ್ರಿಗೆ ಸ್ವಿಂಗ್ ಹೇಗೆ ಬೆರೆಯಿತು ಎಂದು ತಿಳಿಯಲು ಬಾಬ್ ವಿಲ್ಸ್ ಮತ್ತು ಅವರ ಟೆಕ್ಸಾಸ್ ಪ್ಲೇಬಾಯ್ಸ್ ಕೇಳಿ. ಜೋಡಿ ಕುಣಿತಕ್ಕೆ ಮಾತ್ರ ಎದುರಿಗೆ ಇನ್ನೊಬ್ಬರು ಬೇಕು. ನಿಮ್ಮ ಊರಿನಲ್ಲಿ ಸಾಲ್ಸಾ ಕಲಿಸುವವರು ಬಹಳ ಜನ. ಹೆಜ್ಜೆ ಬೇರೆಯಾದರೂ ನಡೆಸುವುದು, ಅನುಸರಿಸುವುದು, ಚೌಕಟ್ಟು ಹಿಡಿಯುವುದು ಅಲ್ಲಿ ಕಲಿತರೆ ಇಲ್ಲಿಗೆ ಒದಗುತ್ತದೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ಕೌಬಾಯ್ ಟೋಪಿಯ ಆ ಜನರ ನಡುವೆ ನಮ್ಮಂಥವರಿಗೆ ಜಾಗ ಇದೆಯೇ? ಇದು ಅವರದ್ದು, ನಾವು ಹೋಗಿ ವೇಷ ಹಾಕಿದ ಹಾಗಾಗುವುದಿಲ್ಲವೇ?
— ಓದುಗ, ಡಾಲಸ್

ಉತ್ತರ: ಈ ಕುಣಿತ ಒಬ್ಬರದ್ದಾಗಿ ಎಂದೂ ಇರಲಿಲ್ಲ. ವಾಲ್ಟ್ಸ್, ಪೋಲ್ಕಾಗಳನ್ನು ಟೆಕ್ಸಾಸ್‌ಗೆ ತಂದವರಲ್ಲಿ ಜರ್ಮನ್, ಚೆಕ್ ವಲಸಿಗರು ಮುಖ್ಯರು. ಬೇಸಾಯಕ್ಕೆ ಬಂದ ಆ ಜನ ಊರೂರಲ್ಲಿ ಡಾನ್ಸ್ ಹಾಲ್ ಕಟ್ಟಿಕೊಂಡರು. ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ 1878ರಲ್ಲಿ ಕಟ್ಟಿದ ಗ್ರೀನ್ ಹಾಲ್ ಈಗಲೂ ನಡೆಯುತ್ತಿದೆ. ವಾರವೆಲ್ಲ ದುಡಿದ ಕುಟುಂಬಗಳು ಮಕ್ಕಳು ಮರಿ ಸಮೇತ ಇಂಥ ಹಾಲ್‌ಗಳಿಗೆ ಬಂದು, ನಿದ್ದೆ ಹೋದ ಮಕ್ಕಳನ್ನು ಬದಿಯಲ್ಲಿ ಕೌದಿಯ ಮೇಲೆ ಮಲಗಿಸಿ ಕುಣಿಯುತ್ತಿದ್ದವು. ಅವರ ಅಕಾರ್ಡಿಯನ್ ಮೆಕ್ಸಿಕೊ ಮೂಲದವರ ಸಂಗೀತಕ್ಕೂ ಸೇರಿತು. ಕೌಬಾಯ್ ಕಸುಬೇ ಮೆಕ್ಸಿಕೊದ ದನಗಾಹಿಗಳಿಂದ ಕಲಿತದ್ದು, ಅದನ್ನು ಮಾಡಿದವರಲ್ಲಿ ಕಪ್ಪು ಜನರೂ ಬಹಳ. ಬ್ಯಾಂಜೊದ ಬೇರು ಆಫ್ರಿಕಾದಲ್ಲಿದೆ. ಅಳುವಂತೆ ಜಾರುವ ಆ ಸ್ಟೀಲ್ ಗಿಟಾರ್ ಹವಾಯಿ ದ್ವೀಪದ್ದು. ಅದೇ ಬಗೆಯ ವಾದನ ನಮ್ಮ ದೇಶಕ್ಕೂ ಬಂದು, ಮುಂದೆ ವಿಶ್ವಮೋಹನ ಭಟ್ಟರ ಮೋಹನವೀಣೆಗೆ ದಾರಿಯಾಯಿತು. 1980ರಲ್ಲಿ ಜಾನ್ ಟ್ರವೋಲ್ಟಾ ನಟಿಸಿದ ‘ಅರ್ಬನ್ ಕೌಬಾಯ್’ ಚಿತ್ರ, ಟೆಕ್ಸಾಸ್‌ನ ಪಸಡೀನಾ ಊರಿನಲ್ಲಿದ್ದ ಗಿಲೀಸ್ ಕ್ಲಬ್ಬನ್ನು ತೋರಿಸಿದ ಮೇಲೆ ದನವನ್ನೇ ಕಾಣದ ಪಟ್ಟಣದ ಜನ ಬೂಟು ಕೊಂಡರು. 2024ರಲ್ಲಿ ಹ್ಯೂಸ್ಟನ್‌ನ ಮಗಳು ಬಿಯಾನ್ಸೆ ‘ಟೆಕ್ಸಾಸ್ ಹೋಲ್ಡ್ ಎಮ್’ ಹಾಡಿದಾಗ ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯ ತುದಿಗೇರಿದ ಮೊದಲ ಕಪ್ಪು ಮಹಿಳೆಯಾದರು, ಎಲ್ಲ ಬಣ್ಣದ ಜನ ಆ ಹಾಡಿಗೆ ಸಾಲುಗಟ್ಟಿ ಕುಣಿದರು.

ಎಲ್ಲ ಹಾಲ್‌ಗಳೂ ಎಲ್ಲ ಕಾಲದಲ್ಲೂ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಬಣ್ಣದ ಕಾರಣಕ್ಕೆ ಜನರನ್ನು ಹೊರಗಿಟ್ಟ ಇತಿಹಾಸ ಈ ನಾಡಿಗಿದೆ. ಇವತ್ತೂ ಒಂದು ಕಡೆ ಸ್ವಾಗತ ತಣ್ಣಗಿದ್ದರೆ ಇನ್ನೊಂದು ಕಡೆ ಹೋಗಿ. ಆದರೆ ನನ್ನ ತರಗತಿಗಳಲ್ಲಿ, ನಾನು ಕುಣಿಯುವ ಹಾಲ್‌ಗಳಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ಕಂಡಿದ್ದೇನೆ: ಸುತ್ತಿನ ದಿಕ್ಕು ಬಲ್ಲ, ಜೊತೆಗಾರರನ್ನು ಜೋಪಾನವಾಗಿ ನಡೆಸುವ, ಹಾಡು ಮುಗಿದಾಗ ಥ್ಯಾಂಕ್ಸ್ ಹೇಳುವ ಮನುಷ್ಯ ಎಲ್ಲಿಂದ ಬಂದವನಾದರೂ ಅವನನ್ನು ಅಲ್ಲಿಯ ಜನ ತಮ್ಮವನೆಂದು ಎಣಿಸುತ್ತಾರೆ. ಗೌರವದಿಂದ ಕಲಿತದ್ದು ವೇಷವಾಗುವುದಿಲ್ಲ.

ಈ ಶನಿವಾರ ಒಬ್ಬ ಗೆಳೆಯನನ್ನು ಕರೆದುಕೊಂಡು ಪಾಠದ ಹೊತ್ತಿಗೇ ಹೋಗಿ. ಬ್ಯಾಂಡ್ ಶುರುವಾದ ಮೇಲೆ ಮೂಲೆಯ ಮೇಜಿಗೆ ಹಿಂದಿರುಗಬೇಡಿ. ಪಾಠದಲ್ಲಿ ಜೊತೆಯಾದವರಲ್ಲೇ ಒಬ್ಬರನ್ನು ಮೊದಲ ಟೂ-ಸ್ಟೆಪ್‌ಗೆ ಕರೆಯಿರಿ, ಒಳಸುತ್ತು ಹಿಡಿಯಿರಿ.